ಗ್ರೌವಿಟ್ಸ್ ಚರ್ಚಿನ ಬೀಗದ ಕೈ

ಪ್ರತಿ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಮಾಗ್ಡೆಬುರ್ಗ್ ರೈಲು ನಿಲ್ದಾಣದ ಗಡಿಯಾರದ ಕೆಳಗೆ ಐದು ಜನ ಮುದುಕರು ಸೇರುತ್ತಿದ್ದರು. ಹನ್ನೊಂದು ವರ್ಷದಿಂದ ಇದು ತಪ್ಪಿರಲಿಲ್ಲ. ಯಾರೂ ಹೋಗದ ಊರುಗಳಿಗೆ ಹೋಗಿ ಸಂಜೆಯೊಳಗೆ ಮನೆ ಸೇರುವುದು ಅವರ ಚಟ. ಪ್ರವಾಸಿಗಳು ಮುಗಿಬೀಳುವ ಅರಮನೆ, ಕೋಟೆಗಳ ಹೆಸರೆತ್ತಿದರೆ ಲೋಥಾರ್ ಮೂಗು ಮುರಿಯುತ್ತಿದ್ದ. ಒಂದು ಕಾಲದಲ್ಲಿ ಮೆರೆದು ಈಗ ಯಾರಿಗೂ ಬೇಡವಾದ ಊರೇ ಅವನಿಗೆ ಬೇಕು. ಅರ್ಧ ಕುಸಿದ ಊರಗೋಡೆ, ಬೀಗ ಹಾಕಿದ ಚರ್ಚು, ವಾರದಲ್ಲಿ ಮೂರು ದಿನ ಮಾತ್ರ ತೆರೆಯುವ ಒಂದು ಬೇಕರಿ, ಇಷ್ಟಿದ್ದರೆ ಅವನ ಮುಖ ಅರಳುತ್ತಿತ್ತು.

ಲೋಥಾರ್ ನಲವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವನು. ಈಗ ಎಪ್ಪತ್ತಾರು. ಯಾವ ಊರು, ಯಾವ ರೈಲು, ಎಲ್ಲಿ ಊಟ, ಎಲ್ಲಿ ಶೌಚಾಲಯ, ಎಲ್ಲವನ್ನೂ ಅವನೇ ನಿಗದಿ ಮಾಡಿ ಒಂದು ನೀಲಿ ಫೈಲಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಅವನು ಹಾಕಿದ ನಿಯಮ ಒಂದೇ: ರೈಲು ಯಾರಿಗೂ ಕಾಯುವುದಿಲ್ಲ, ನಾವೂ ಕಾಯುವುದಿಲ್ಲ. ಮೊದಲ ವರ್ಷವೇ ಗೆಳೆಯ ಹೈನರ್ ಇನ್ನೊಂದು ಬಿಯರ್ ಕುಡಿಯಲು ಹೋಗಿ ಒಂದು ಊರಿನಲ್ಲಿ ಒಬ್ಬನೇ ಉಳಿದಿದ್ದ. ಉಳಿದ ನಾಲ್ವರು ಕಿಟಕಿಯಿಂದ ಕೈಬೀಸುತ್ತ ಹೊರಟೇಬಿಟ್ಟಿದ್ದರು. ಹೈನರ್ ನಿವೃತ್ತ ಟ್ರಾಮ್ ಚಾಲಕ. ಹೊತ್ತಿನ ಬೆಲೆ ಗೊತ್ತಿದ್ದವನು, ಆದ್ದರಿಂದ ಬೇಸರ ಮಾಡಿಕೊಳ್ಳಲಿಲ್ಲ. ಆ ಕಥೆಯನ್ನು ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ಆ ಸೆಪ್ಟೆಂಬರಿನ ಗುರುವಾರ ರೋಸ್ವಿತಾ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಅವಳು ಲೋಥಾರನ ಹೆಂಡತಿ. ಅವಳ ಕೈಚೀಲದಲ್ಲಿ ಹನ್ನೆರಡು ಚೀಟಿಗಳಿದ್ದವು. ಗ್ರೌವಿಟ್ಸ್ ಎಂಬ ಆ ದಿನದ ಊರಿನ ಚರಿತ್ರೆಯನ್ನು ಹಿಂದಿನ ರಾತ್ರಿ ಕೂತು ಅವಳೇ ಬರೆದುಕೊಂಡಿದ್ದಳು. ಯಾಕೆಂದರೆ ಏಪ್ರಿಲ್ ತಿಂಗಳಲ್ಲಿ, ಒಂದು ಊರ ಬಾಗಿಲ ಕೆಳಗೆ ನಿಂತು ವಿವರಿಸುತ್ತಿದ್ದ ಲೋಥಾರ್ ಮಾತಿನ ನಡುವೆ ನಿಂತುಬಿಟ್ಟಿದ್ದ. ತಾನು ಎಲ್ಲಿದ್ದೇನೆಂಬುದೇ ಅವನಿಗೆ ಆ ಗಳಿಗೆಯಲ್ಲಿ ತಿಳಿದಿರಲಿಲ್ಲ. ರೋಸ್ವಿತಾ ತಟ್ಟನೆ ಮಾತು ಹಾರಿಸಿ ಮಾನ ಉಳಿಸಿದ್ದಳು. ಅಂದಿನಿಂದ ಅವನು ತಡವರಿಸಿದಾಗಲೆಲ್ಲ, "ಲೋಥಾರ್, ಆ ಬೆಂಕಿ ಬಿದ್ದ ಕಥೆ ಹೇಳಲ್ವಾ?" ಎಂದು ಪಾಪದವಳ ಹಾಗೆ ಕೇಳುತ್ತಿದ್ದಳು.

"ಮದುವೆಯಾಗಿ ಐವತ್ತು ವರ್ಷ ಆದ್ಮೇಲೂ ಗಂಡನ ಪಾಠ ಬಾಯಿಬಿಟ್ಕೊಂಡು ಕೇಳೋ ಹೆಂಗಸು ಅಂದ್ರೆ ನೀನೊಬ್ಳೇ ಕಣೆ" ಎಂದು ಹೈನರ್ ಛೇಡಿಸುತ್ತಿದ್ದ. ರೋಸ್ವಿತಾ ನಗುತ್ತಿದ್ದಳು.

ವೈದ್ಯರ ಪತ್ರ ಮಾರ್ಚಿನಲ್ಲೇ ಬಂದಿತ್ತು. ಅದನ್ನು ಹೊಲಿಗೆ ಪೆಟ್ಟಿಗೆಯ ತಳದಲ್ಲಿಟ್ಟು ಮಗಳಿಗೂ ಹೇಳಿರಲಿಲ್ಲ. ಗಂಡನ ಕೈಯಿಂದ ಕಾರು ಓಡಿಸುವುದು ಹೋಗಿತ್ತು, ಚದುರಂಗದ ಆಟ ಹೋಗಿತ್ತು. ಇನ್ನು ಉಳಿದಿದ್ದದ್ದು ಈ ಗುರುವಾರ ಒಂದೇ. ನೀಲಿ ಫೈಲು ಕಂಕುಳಲ್ಲಿಟ್ಟುಕೊಂಡು ನಾಲ್ಕು ಜನರ ಮುಂದೆ ನಡೆಯುವಾಗ ಅವನು ಹಳೆಯ ಲೋಥಾರನೇ ಆಗುತ್ತಿದ್ದ. ಗೆಳೆಯರಿಗೆ ತಿಳಿದರೆ ಅವರು ಅವನ ಮಾತಿಗೆ ತಲೆಯಾಡಿಸಿ ಬೆನ್ನ ಹಿಂದೆ ಕಣ್ಣುಕಣ್ಣು ನೋಡಿಕೊಳ್ಳುತ್ತಾರೆ. ಅದನ್ನು ಅವಳು ಸಹಿಸಲಾರಳು. ಆದಷ್ಟು ದಿನ ಮುಚ್ಚಿಡಬೇಕೆಂದು ಹಟ ಹಿಡಿದಿದ್ದಳು, ಒಂಟಿಯಾಗಿ ಈ ಹೊರೆ ಹೊತ್ತು ಹೈರಾಣಾಗಿಯೂ ಹೋಗಿದ್ದಳು.

ಗ್ರೌವಿಟ್ಸಿನ ಚರ್ಚಿಗೆ ಬೀಗ ಹಾಕಿತ್ತು. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೀಗಿತ್ತು: ಬೀಗದ ಕೈ ಎದುರುಗಡೆ ನಾಲ್ಕನೇ ನಂಬರ್ ಮನೆಯ ಫ್ರೌ ಬ್ರೆಡಾವ್ ಅವರ ಬಳಿ ಇದೆ, ಒಂದು ಗಂಟೆಯೊಳಗೆ ಹಿಂದಿರುಗಿಸತಕ್ಕದ್ದು, ಒಂದರಿಂದ ಮೂರು ವಿಶ್ರಾಂತಿಯ ಸಮಯ, ಕರೆಗಂಟೆ ಒತ್ತಕೂಡದು. 'ಒತ್ತಕೂಡದು' ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು.

ಫ್ರೌ ಬ್ರೆಡಾವ್, ಅಂದರೆ ಶ್ರೀಮತಿ ಬ್ರೆಡಾವ್, ಕಿಟಕಿಯಿಂದಲೇ ಒಂದು ದಪ್ಪ ಪುಸ್ತಕ ಚಾಚಿದಳು. ಯಾರು, ಎಷ್ಟು ಹೊತ್ತಿಗೆ, ಎಷ್ಟು ಜನ ಒಳಗೆ ಹೋದರು, ಎಷ್ಟು ಹೊತ್ತಿಗೆ ಎಷ್ಟು ಜನ ಹೊರಗೆ ಬಂದರು, ಎಲ್ಲಕ್ಕೂ ಒಂದೊಂದು ಅಂಕಣ. ಲೋಥಾರನಿಗೆ ಇಂಥ ಪುಸ್ತಕವೆಂದರೆ ಪ್ರೀತಿ. ಮುತ್ತಿನಂಥ ಅಕ್ಷರದಲ್ಲಿ ತುಂಬಿಸಿ, ಗೇಣುದ್ದದ ಕಬ್ಬಿಣದ ಕೀಲಿ ತೆಗೆದುಕೊಂಡ.

ಆ ದಿನ ಅವನು ಮಾತಾಡಿದ್ದು ನೋಡಬೇಕಿತ್ತು. ಕಂಬದ ಕಲ್ಲನ್ನು ಅಂಗೈಯಿಂದ ತಟ್ಟುತ್ತ, ಅದನ್ನು ಕಡಿದ ಗಣಿ ಯಾವುದು, ದೋಣಿಯಲ್ಲಿ ಹೇಗೆ ಬಂತು, ಧಾನ್ಯದ ವ್ಯಾಪಾರಿಗಳು ಜಂಬಕ್ಕೆ ಬಿದ್ದು ಗೋಪುರವನ್ನು ಎಷ್ಟು ಎತ್ತರಿಸಲು ಹೊರಟು ಎಲ್ಲಿಗೆ ದುಡ್ಡು ಮುಗಿಯಿತು, ಎಲ್ಲವನ್ನೂ ಅರ್ಧ ಗಂಟೆ ನಿರರ್ಗಳವಾಗಿ ಹೇಳಿದ. ಒಂದು ಚೀಟಿಯನ್ನೂ ರೋಸ್ವಿತಾ ಹೊರಗೆ ತೆಗೆಯಬೇಕಾಗಲಿಲ್ಲ. ಅವಳ ಕಣ್ಣು ತುಂಬಿ ಬಂತು. ವೈದ್ಯರಿಗೇ ತಪ್ಪಾಗಿರಬಹುದು ಎಂದೂ ಒಂದು ಗಳಿಗೆ ಅನ್ನಿಸಿತು.

ಗುಂಪಿನ ಇನ್ನೊಬ್ಬಳು ಟ್ರೌಡೆ, ಶಾಲೆಯೊಂದರಲ್ಲಿ ಅಡುಗೆಯವಳಾಗಿದ್ದ ವಿಧವೆ. ಅವಳಿಗೆ ಗಂಟೆಗಳ ಹುಚ್ಚು. ಯಾವ ಊರಿಗೆ ಹೋದರೂ ಗೋಪುರ ಹತ್ತಿ, ಗಂಟೆಯ ಮೇಲೆ ಕೊರೆದ ಅಕ್ಷರ ಓದದೆ ಇಳಿಯುತ್ತಿರಲಿಲ್ಲ. ಅವತ್ತೂ ತನ್ನ ಕೆಂಪು ಬೆನ್ನುಚೀಲ ಬಿಚ್ಚಿ ಹೈನರನ ಕೈಗೆ ಕೊಟ್ಟಳು.

"ಏಣಿ ಸಣ್ಣದು, ಇದು ಸಿಕ್ಕಾಕ್ಕೊಳುತ್ತೆ. ಹಿಡ್ಕೊಂಡಿರು. ಒಳಗಿರೋ ಮೊಟ್ಟೆ ತಿಂದ್ರೆ ನೋಡು ಮತ್ತೆ!"

"ಎದೆನೋವಿನವಳು ಏಣಿ ಹತ್ತೋದಂತೆ, ಎರಡು ಬೇಯಿಸಿದ ಮೊಟ್ಟೆ ಕಾಯೋಕೆ ನಾನಂತೆ" ಎಂದ ಹೈನರ್.

ಹೈನರನ ಹೆಂಡತಿ ಗುಡ್ರುನ್‌ಗೆ ಮಂಡಿನೋವು. ನಿಲ್ದಾಣಕ್ಕೆ ಹದಿನೈದು ನಿಮಿಷದ ದಾರಿ, ಅವಳಿಗೆ ಇಪ್ಪತ್ತೈದು. ಆದ್ದರಿಂದ ಗಂಡ ಹೆಂಡತಿ ಮುಂಚೆ ಹೊರಟರು. ರೋಸ್ವಿತಾ ಯಾವತ್ತೂ ಲೋಥಾರನನ್ನು ಬಿಟ್ಟು ಅಲುಗುವವಳಲ್ಲ. ಆದರೆ ಅವತ್ತು ಮನಸ್ಸು ಹಗುರಾಗಿತ್ತು. "ನಾನೂ ಬರ್ತೀನಿ ಇರಿ" ಎಂದು ಗುಡ್ರುನಳ ತೋಳು ಹಿಡಿದು ನಡೆದಳು. ಎಷ್ಟೋ ತಿಂಗಳ ಮೇಲೆ ಶಾಲೆಯ ಹುಡುಗಿಯ ಹಾಗೆ ಹರಟುತ್ತ ಹೋದಳು. ಹಿಂತಿರುಗಿ ಒಮ್ಮೆಯೂ ನೋಡಲಿಲ್ಲ.

ಒಂದೂಕಾಲಕ್ಕೆ ಲೋಥಾರ್ ಕೀಲಿ ಹಿಂದಿರುಗಿಸಿ ಪ್ಲಾಟ್‌ಫಾರ್ಮಿಗೆ ಬಂದ. ಒಬ್ಬನೇ ಬಂದ.

"ಟ್ರೌಡೆ ಎಲ್ಲೋ?" ಎಂದ ಹೈನರ್.

"ಬಸ್ಸಲ್ಲಿ ಹೋದ್ಳು. ದಾರೀಲಿ ಹಾಳುಬಿದ್ದ ಮಠ ಇದ್ಯಂತೆ, ನೋಡ್ಕೊಂಡು ಹೋಲ್ಸ್‌ಬುರ್ಗ್‌ಗೆ ಬಂದು ಸೇರ್ಕೋತಾಳೆ."

ಹೋಲ್ಸ್‌ಬುರ್ಗ್ ಅವತ್ತಿನ ಎರಡನೆಯ ಊರು. ಅಲ್ಲಿ ಕಾಫಿ, ಪ್ಲಮ್ ಕೇಕ್ ಎಂದು ಫೈಲಿನಲ್ಲಿತ್ತು.

"ಚೀಲ ನನ್ನತ್ರಾನೇ ಬಿಟ್ಟು ಹೋದ್ಳಾ?"

"ಹೊರೋಕೆ ಕತ್ತೆ ಥರ ಹೈನರ್ ಇದಾನಲ್ಲ ಅಂದ್ಳು. ಹಸಿರು ರೇನ್‌ಕೋಟ್ ಹಾಕ್ಕೊಂಡು ಬಸ್ ಹತ್ತಿದ್ದು ನಾನೇ ನೋಡ್ದೆ."

"ಈ ಬಿಸಿಲಲ್ಲಿ ರೇನ್‌ಕೋಟು! ಅವಳಿಗೆ ಪೂರ್ತಿ ತಲೆ ಕೆಟ್ಟಿದೆ" ಎಂದು ಹೈನರ್ ನಕ್ಕ. ಗುಡ್ರುನ್ ಕೂಡ ನಕ್ಕಳು. ಲೋಥಾರ್ ಹೇಳಿದ ಮೇಲೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ಅವನ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ರೋಸ್ವಿತಾ ತಟ್ಟನೆ ಗಂಡನ ಕಡೆ ತಿರುಗಿದಳು. ಟ್ರೌಡೆ ಬೆಳಿಗ್ಗೆಯಿಂದ ಕಂದು ಸ್ವೆಟರಿನಲ್ಲಿದ್ದಳು. ಆ ಹಸಿರು ರೇನ್‌ಕೋಟನ್ನು ಹೋದ ವರ್ಷವೇ ದಾನದ ಪೆಟ್ಟಿಗೆಗೆ ಹಾಕಿದ್ದಳು. ಅದನ್ನು ತೊಟ್ಟು ಅವಳು ಬಸ್ಸು ಹತ್ತಿದ್ದು ನಿಜ, ಆದರೆ ಮೂರು ವರ್ಷದ ಹಿಂದೆ, ಬೇರೆ ಊರಿನಲ್ಲಿ, ಸುರಿಯುವ ಮಳೆಯಲ್ಲಿ. ಲೋಥಾರ್ ಸುಳ್ಳು ಹೇಳುತ್ತಿರಲಿಲ್ಲ. ಅಂದಿನದನ್ನು ಇಂದು ಕಂಡಂತೆ ಹೇಳುತ್ತಿದ್ದ.

ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ತೆರೆದಳು ಕೂಡ. ಆದರೆ ಅರ್ಧ ಗಂಟೆಯ ಹಿಂದೆ ಕಂಬ ತಟ್ಟುತ್ತಿದ್ದ ಅವನ ಮುಖ ಇನ್ನೂ ಕಣ್ಣ ಮುಂದಿತ್ತು. ಟ್ರೌಡೆ ಬೇಕರಿಗೆ ಹೋಗಿರಬಹುದು, ಇನ್ನೇನು ಓಡಿ ಬಂದಾಳು ಎಂದು ರಸ್ತೆಯ ಕಡೆ ನೋಡಿದಳು. ಎರಡು ಬೋಗಿಯ ರೈಲು ಬಂದು ನಿಂತಿತು. ಎಲ್ಲರೂ ಹತ್ತಿದರು. ರೋಸ್ವಿತಾಳೂ ಹತ್ತಿದಳು. ಜೀವನದಲ್ಲಿ ಅವಳು ಇಟ್ಟ ಅತ್ಯಂತ ಕೆಟ್ಟ ಹೆಜ್ಜೆ ಅದು, ಇಡುವಾಗಲೇ ಅವಳಿಗೆ ಗೊತ್ತಿತ್ತು.

ರೈಲು ಹೊರಟು ಎರಡು ನಿಮಿಷಕ್ಕೆ ಟಿಕೆಟ್ ನೋಡುವ ಹುಡುಗಿ ಬಂದಳು. ಲೋಥಾರ್ ಗುಂಪಿನ ಟಿಕೆಟನ್ನು ಫೈಲಿನಿಂದ ತೆಗೆದುಕೊಟ್ಟ. ಐದು ಜನಕ್ಕೂ ಸೇರಿ ಒಂದೇ ಚೀಟಿ, ಅದರ ಮೇಲೆ ಐದೂ ಹೆಸರು.

"ಐದು ಹೆಸರಿದೆ, ನಾಲ್ಕೇ ಜನ ಇದೀರಲ್ಲ?"

"ಒಬ್ಬರು ಬಸ್ಸಲ್ಲಿ ಬರ್ತಿದಾರೆ" ಎಂದ ಲೋಥಾರ್.

"ಯಾವ ಬಸ್ಸು ಸಾರ್? ಗ್ರೌವಿಟ್ಸ್‌ನಿಂದ ಬಸ್ ನಿಂತು ಎರಡು ವರ್ಷ ಆಯ್ತಲ್ಲ. ನಮ್ಮಜ್ಜಿ ಊರು ಅದು, ನಂಗೆ ಗೊತ್ತಿಲ್ವಾ."

"ನಾನೇ ನೋಡಿದೀನಿ. ಹಸಿರು ರೇನ್‌ಕೋಟ್..."

"ಯಾರೋ ಕಾರಲ್ಲಿ ಕರ್ಕೊಂಡು ಹೋಗಿರಬಹುದು ಬಿಡಿ" ಎಂದ ಹೈನರ್. ಗೆಳೆಯನ ಮಾತು ಬೀಳದಿರಲಿ ಎಂದು ಅವನಿಗೆ. ಮಾತಾಡುತ್ತ ಕೆಂಪು ಚೀಲವನ್ನು ತೊಡೆಯ ಮೇಲೆ ಸರಿಸಿಕೊಂಡ. ಪಕ್ಕದ ಜೇಬಿನಿಂದ ಟ್ರೌಡೆಯ ಎದೆನೋವಿನ ಔಷಧದ ಪುಟ್ಟ ಶೀಷೆ ಇಣುಕುತ್ತಿತ್ತು. ರೋಸ್ವಿತಾ ಅದನ್ನು ನೋಡಿದಳು.

"ಬಸ್ಸೂ ಇಲ್ಲ, ಕಾರೂ ಇಲ್ಲ" ಎಂದಳು. ದನಿ ತನ್ನದಲ್ಲವೆನ್ನುವಷ್ಟು ಗಟ್ಟಿಯಾಗಿತ್ತು. "ಲೋಥಾರ್ ಹೇಳ್ತಿರೋದು ಇವತ್ತಿನ ಮಾತಲ್ಲ. ಮೂರು ವರ್ಷದ ಹಿಂದಿನದು. ಅವನಿಗೆ ಮರೆವಿನ ಕಾಯಿಲೆ ಬಂದಿದೆ. ಮಾರ್ಚ್‌ನಲ್ಲೇ ಡಾಕ್ಟ್ರು ಹೇಳಿದ್ರು. ನಾನು ನಿಮ್ಮೆಲ್ಲರ ಹತ್ರ ಮುಚ್ಚಿಟ್ಟೆ. ಟ್ರೌಡೆ ಗೋಪುರದಲ್ಲೇ ಇದಾಳೆ, ಇವನು ಬೀಗ ಹಾಕ್ಕೊಂಡು ಬಂದಿದಾನೆ."

ಲೋಥಾರ್ ಹೆಂಡತಿಯನ್ನು ನೋಡಿದ ನೋಟವನ್ನು ಅವಳು ಸಾಯುವವರೆಗೆ ಮರೆಯಲಾರಳು. ಅದರಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು.

ಮೊದಲು ಎದ್ದವನು ಹೈನರ್. ಮುಂದಿನ ನಿಲ್ದಾಣದಲ್ಲಿ ಗುಂಡಿ ಒತ್ತಿದರೆ ಮಾತ್ರ ರೈಲು ನಿಲ್ಲುವುದು. ಅವನು ನಾಲ್ಕು ಸಲ ಒತ್ತಿದ. ನೀಲಿ ಫೈಲಿನಲ್ಲಿ ಫ್ರೌ ಬ್ರೆಡಾವಳ ಫೋನ್ ನಂಬರಿತ್ತು. ಟ್ರೌಡೆಯ ಫೋನು ಅವಳ ಚೀಲದಲ್ಲೇ ಇತ್ತು, ಆದ್ದರಿಂದ ಆ ನಂಬರಿಗೆ ಮಾಡಿದ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ವಿಶ್ರಾಂತಿಯ ಸಮಯವಲ್ಲವೇ. ಮತ್ತೊಮ್ಮೆ ಒತ್ತುವಷ್ಟರಲ್ಲಿ ಸಿಗ್ನಲ್ ಹೋಯಿತು. ಇಳಿದ ಕಡೆ ಒಂದು ಬೆಂಚು, ಒಂದು ದೀಪದ ಕಂಬ, ಸುತ್ತ ಸಕ್ಕರೆ ಗೆಡ್ಡೆಯ ಹೊಲ. ಹೈನರ್ ಫೋನನ್ನು ಮೇಲೆತ್ತಿ ಹಿಡಿದು ಹೊಲದ ಬದುವಿನ ಮೇಲೆ ನಡೆದಾಡಿದ.

"ಚಂದ್ರನ ಮೇಲೆ ಸಿಗುತ್ತಂತೆ, ಇಲ್ಲಿ ಸಿಗಲ್ಲ" ಎಂದು ಬೈದ. ಈ ಸಲ ಗುಡ್ರುನ್ ನಗಲಿಲ್ಲ.

ಹಿಂದಿರುಗುವ ರೈಲಿಗೆ ಮೂವತ್ತಾರು ನಿಮಿಷ. ಲೋಥಾರ್ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ರೋಸ್ವಿತಾ ಪಕ್ಕದಲ್ಲಿ ಕೂತಳು.

"ಬಾಗಿಲು ಹಾಕೋ ಮುಂಚೆ ಕೂಗಿರ್ತೀನಿ" ಎಂದ. "ಯಾವಾಗ್ಲೂ ಕೂಗ್ತೀನಿ. ಅಲ್ವಾ?"

"ನಾನಿರ್ಲಿಲ್ಲ ಲೋಥಾರ್."

"ಕೂಗಿರ್ತೀನಿ." ಫೈಲಿನ ಅಂಚು ಸವರುತ್ತ ಮೆಲ್ಲಗೆ ಹೇಳಿದ: "ಹೈನರ್ ಮುಂದೆ ಹೇಳ್ಬಾರ್ದಿತ್ತು ನೀನು."

"ಪ್ಲಾಟ್‌ಫಾರ್ಮಲ್ಲೇ ಹೇಳ್ಬೇಕಿತ್ತು. ಏಪ್ರಿಲ್‌ನಲ್ಲೇ ಹೇಳ್ಬೇಕಿತ್ತು. ಅವಳಿಗೇನಾದ್ರೂ ಆಗಿದ್ರೆ ನಾನೇ ಕೊಂದ ಹಾಗೆ. ನೀನಲ್ಲ, ನಾನು."

ಅವಳು ಅತ್ತಳು. ಅವನು ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದುಕೊಟ್ಟ. ಯಾಕೆ ಅಳುತ್ತಿದ್ದಾಳೆಂದು ಅವನಿಗೆ ಇನ್ನೂ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಎರಡೂ ಹತ್ತಕ್ಕೆ ಗ್ರೌವಿಟ್ಸ್ ತಲುಪಿದರು. ಮಂಡಿನೋವಿನ ಗುಡ್ರುನ್ ಕೂಡ ಅವತ್ತು ಓಡಿದಳು. ಚರ್ಚಿನ ಬಾಗಿಲು ಹಾಕಿಯೇ ಇತ್ತು. ಹೈನರ್ ಅದನ್ನು ಗುದ್ದತೊಡಗಿದಾಗ ಎದುರುಮನೆಯ ಕಿಟಕಿ ತೆರೆಯಿತು.

"ಇನ್ನೊಂದು ಗುಂಪು ಬಂತಾ! ಇದು ವಿಶ್ರಾಂತಿ ಸಮಯ ಕಣ್ರೀ, ವಿಶ್ರಾಂತಿ ಸಮಯ!" ಎಂದು ಫ್ರೌ ಬ್ರೆಡಾವ್ ಕಿರುಚಿದಳು. ಅವಳ ಹಿಂದಿನಿಂದ ಟ್ರೌಡೆಯ ದನಿ ಕೇಳಿತು: "ಬೈಬೇಡಿ, ಅವರೇ ನಮ್ಮೋರು."

ಟ್ರೌಡೆ ಅಡುಗೆಮನೆಯಲ್ಲಿ ಕಂಬಳಿ ಹೊದ್ದು ಆಲೂಗಡ್ಡೆ ಸೂಪಿನ ಮುಂದೆ ಕೂತಿದ್ದಳು. ತುಟಿ ಬಿಳಿಚಿತ್ತು, ಅಂಗೈ ಹಗ್ಗ ಜಗ್ಗಿ ಸುಲಿದಿತ್ತು. ಶೀಷೆ ಕೈಗೆ ಸಿಕ್ಕಿದೊಡನೆ ನಾಲಗೆಯ ಕೆಳಗೆ ಔಷಧ ಸಿಂಪಡಿಸಿಕೊಂಡು ಕಣ್ಣು ಮುಚ್ಚಿದಳು. ನಿಧಾನವಾಗಿ ಅವಳ ಕೆನ್ನೆಗೆ ಬಣ್ಣ ಬಂತು.

ನಡೆದದ್ದನ್ನು ಫ್ರೌ ಬ್ರೆಡಾವ್ ಹೇಳಿದಳು. "ಮಲಗಿದ್ದೆ. ಒಂದೂ ಇಪ್ಪತ್ತಕ್ಕೆ ಚಿಕ್ಕ ಗಂಟೆ ಹೊಡ್ಕೊಳ್ಳೋಕೆ ಶುರುವಾಯ್ತು. ಹತ್ತೊಂಬತ್ತು ವರ್ಷದಲ್ಲಿ ಒಂದರಿಂದ ಮೂರರೊಳಗೆ ಅದನ್ನ ಯಾರೂ ಮುಟ್ಟಿಲ್ಲ. ಅದರ ಜೊತೆಗೆ ಫೋನ್ ಬೇರೆ ಬಡ್ಕೊಳ್ತಿತ್ತು. ಯಾವನು ಈ ಪೋಲಿ, ಇವತ್ತು ಬಿಡಬಾರ್ದು ಅಂತ ಕೀಲಿ ತಗೊಂಡು ಬೈಯ್ಯೋಕೇ ಹೋದೆ. ಬಾಗಿಲು ತೆಗೆದ್ರೆ ಈಯಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದಾರೆ."

ಟ್ರೌಡೆ ಕಣ್ಣು ತೆರೆದು ಒಬ್ಬೊಬ್ಬರ ಮುಖ ನೋಡಿದಳು. ಕೊನೆಗೆ ಬಾಗಿಲ ಬಳಿ ನಿಂತಿದ್ದ ಲೋಥಾರನ ಮುಖ ನೋಡಿದಳು.

"ತಪ್ಪು ನಂದೇ" ಎಂದಳು. "ಲೋಥಾರ್ ಕೆಳಗಿಂದ ಎರಡು ಸಲ ಕೂಗ್ದ. ನಂಗೆ ಚೆನ್ನಾಗೇ ಕೇಳಿಸ್ತು. ಗಂಟೆ ಮೇಲಿನ ಅಕ್ಷರ ಓದ್ತಿದ್ದೆ, ಓ ಅನ್ನಲಿಲ್ಲ. ಮುದಿ ವಯಸ್ಸಿನ ಮೊಂಡುತನ."

ಲೋಥಾರನ ಬೆನ್ನು ನೆಟ್ಟಗಾಯಿತು. "ನೋಡಿದ್ಯಾ?" ಎಂದು ರೋಸ್ವಿತಾಳ ಕಡೆ ತಿರುಗಿದ. "ಕೂಗಿದ್ದೆ."

ಟ್ರೌಡೆ ಸುಳ್ಳು ಹೇಳುತ್ತಿದ್ದಾಳೆಂದು ರೋಸ್ವಿತಾಳಿಗೆ ಅನ್ನಿಸಿತು. ರೈಲಿನಲ್ಲಿ ತಾನು ಆಡಿದ್ದು ಇವಳಿಗೆ ಗೊತ್ತಿಲ್ಲ. ಇನ್ನೊಂದು ಗಂಟೆ ಬಾಯಿ ಕಟ್ಟಿಕೊಂಡಿದ್ದರೆ ಈ ಸುಳ್ಳೊಂದರಿಂದಲೇ ಎಲ್ಲ ಮುಚ್ಚಿಹೋಗುತ್ತಿತ್ತು. ಈಗಲೂ ತಾನು ಹೂಂ ಎಂದರೆ ಸಾಕು, ಹೈನರನೂ ಹೂಂ ಎನ್ನುತ್ತಾನೆ. ಹೂಂ ಎನ್ನುವ ಆಸೆ ಅವಳಿಗೆ ತಡೆಯಲಾರದಷ್ಟಾಯಿತು. ಆದರೆ ಟ್ರೌಡೆಯ ಸುಲಿದ ಅಂಗೈ ನೋಡಿ ಹೂಂ ಎನ್ನಲಿಲ್ಲ.

ಅಷ್ಟರಲ್ಲಿ ಫ್ರೌ ಬ್ರೆಡಾವ್ ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಮಾತು ಆಮೇಲೆ. ಒಂದೂ ಇಪ್ಪತ್ತೆಂಟಕ್ಕೆ ಬಾಗಿಲು ತೆಗೆದದ್ದು ಇದರಲ್ಲಿ ಬರೀಬೇಕು. ಕೀಲಿ ತಗೊಂಡೋರೇ ಬರೀಬೇಕು."

ಲೋಥಾರ್ ಕನ್ನಡಕ ಹಾಕಿಕೊಂಡು ಪೆನ್ನು ತೆಗೆದ. ತನ್ನ ಸಾಲು ಹುಡುಕಿದ. ಹುಡುಕಿದವನು ಬರೆಯಲಿಲ್ಲ, ಓದುತ್ತ ನಿಂತ. ರೋಸ್ವಿತಾ ಭುಜದ ಮೇಲಿಂದ ಬಗ್ಗಿ ನೋಡಿದಳು. ಅವನದೇ ಮುತ್ತಿನಂಥ ಅಕ್ಷರ. ಒಳಗೆ ಹೋದವರು: ಐದು. ಹನ್ನೆರಡೂ ಐವತ್ತೆರಡಕ್ಕೆ ಹೊರಗೆ ಬಂದವರು: ನಾಲ್ಕು. ಕೆಳಗೆ ಸಹಿ.

"ಸರಿಯಾಗೇ ಎಣಿಸಿದೀನಿ" ಎಂದ ಲೋಥಾರ್.

"ನಾನೂ ನೋಡ್ಲಿಲ್ಲ" ಎಂದಳು ಫ್ರೌ ಬ್ರೆಡಾವ್. ಅವಳ ದನಿ ಮೊದಲ ಬಾರಿಗೆ ತಗ್ಗಿತ್ತು. "ಒಲೆ ಮೇಲೆ ಸೂಪಿತ್ತು. ಆ ಅಂಕಣ ಇಷ್ಟು ವರ್ಷದಲ್ಲಿ ನಾನು ಒಂದು ದಿನಾನೂ ಓದಿಲ್ಲ."

ಲೋಥಾರ್ ಕನ್ನಡಕ ತೆಗೆದ. "ಟ್ರೌಡೆ, ನಿಂಗೆ ಸುಳ್ಳು ಹೇಳೋಕೆ ಬರಲ್ಲ. ನಾನು ಕೂಗಿಲ್ಲ. ನಾಲ್ಕು ಅಂತ ಬರೆದು, ಬೀಗ ಹಾಕಿದ ಬಾಗಿಲಿಗೆ ಬೆನ್ನು ಹಾಕಿ ಹೋಗಿದೀನಿ." ಆಮೇಲೆ ಬಗ್ಗಿ, ಸಾವಧಾನವಾಗಿ ಬರೆದ: ಒಂದು ಗಂಟೆ ಇಪ್ಪತ್ತೆಂಟು ನಿಮಿಷ, ಒಬ್ಬರು, ತಪ್ಪು ನನ್ನದು. ಸಹಿ ಹಾಕಿದ. ನೀಲಿ ಫೈಲನ್ನು ಹೆಂಡತಿಯ ಕೈಗೆ ಕೊಟ್ಟ. "ಇನ್ಮೇಲೆ ಇದು ನಿನ್ನ ಹತ್ರ ಇರ್ಲಿ. ಹತ್ತೋವಾಗ ಇಳಿಯೋವಾಗ ಜನ ಎಣಿಸೋದು ನಾನು ನೋಡ್ಕೋತೀನಿ. ಅಷ್ಟು ಇನ್ನೂ ಬರುತ್ತೆ ನಂಗೆ."

"ಆಯ್ತು" ಎಂದಳು ರೋಸ್ವಿತಾ.

ನಾಲ್ಕೂ ಹನ್ನೊಂದಕ್ಕೆ ಮಾಗ್ಡೆಬುರ್ಗಿನ ರೈಲು ಬಂದು ನಿಂತಿತು. ಬಾಗಿಲು ತೆರೆಯಿತು. ಲೋಥಾರ್ ಎಲ್ಲರನ್ನೂ ತಡೆದು ನಿಲ್ಲಿಸಿ ಬೆರಳು ಮಾಡಿ ಎಣಿಸಿದ. ಹೈನರ್, ಗುಡ್ರುನ್, ಟ್ರೌಡೆ, ರೋಸ್ವಿತಾ. "ನಾಲ್ಕು" ಎಂದ. ಅವನ ಮುಖದ ಬಣ್ಣ ಇಳಿಯಿತು. ಮತ್ತೆ ಮೊದಲಿನಿಂದ ಎಣಿಸಿದ. ಮತ್ತೆ ನಾಲ್ಕೇ ಬಂತು. "ಒಬ್ರು ಇಲ್ಲ" ಎಂದು ಚರ್ಚಿನ ಗೋಪುರದ ಕಡೆ ತಿರುಗಿದ. "ಇನ್ನೊಬ್ರು ಒಳಗೇ ಇದಾರೆ. ಯಾರೋ ಒಳಗೇ ಇದಾರೆ!"

ಏಪ್ರಿಲಿನ ರೋಸ್ವಿತಾ ಆಗಿದ್ದರೆ ನಕ್ಕು, ಏನೋ ತಮಾಷೆ ಮಾಡಿ, ಅವನನ್ನು ಬೋಗಿಯೊಳಗೆ ತಳ್ಳಿಬಿಡುತ್ತಿದ್ದಳು. ಈಗ ಅವಳು ಹೈನರನ ಕಣ್ಣೆದುರಿಗೇ ಗಂಡನ ಬಳಿ ಹೋಗಿ ನಿಂತಳು.

"ನಿನ್ನನ್ನ ನೀನೇ ಬಿಟ್ಟೆ ಕಣೋ. ಮತ್ತೆ ಎಣಿಸು. ನಿಧಾನವಾಗಿ ಎಣಿಸು."

ರೈಲು ಹೊರಡುವ ಸೀಟಿ ಊದಿತು. ಹೈನರ್ ಬಾಗಿಲ ಕಡೆಗೊಮ್ಮೆ ನೋಡಿದ. ಆಮೇಲೆ ಎರಡೂ ಬೆನ್ನುಚೀಲಗಳನ್ನು ಕೆಳಗಿಳಿಸಿ, ಶಾಲೆಯ ಹುಡುಗನ ಹಾಗೆ ಹೆಂಡತಿಯ ಪಕ್ಕ ಸಾಲಿನಲ್ಲಿ ನಿಂತ. ಟ್ರೌಡೆ ಅವನ ಪಕ್ಕ ನಿಂತಳು. ಯಾರೂ ರೈಲಿನ ಕಡೆ ಹೆಜ್ಜೆ ಇಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು, ರೈಲು ಹೋಯಿತು.

ಲೋಥಾರ್ ಮೊದಲಿನಿಂದ ಎಣಿಸಿದ. ನಾಲ್ಕಕ್ಕೆ ಬಂದು ನಿಂತ. ರೋಸ್ವಿತಾ ಅವನ ಕೈ ಹಿಡಿದು, ಚಾಚಿದ ಬೆರಳನ್ನು ಅವನ ಎದೆಯ ಕಡೆಗೇ ತಿರುಗಿಸಿದಳು.

"ಐದು" ಎಂದ.

"ಹೌದು" ಎಂದಳು ರೋಸ್ವಿತಾ. ಫೈಲು ತೆರೆದು ಮುಂದಿನ ರೈಲು ಎಷ್ಟು ಹೊತ್ತಿಗೆಂದು ನೋಡಿದಳು. ಆರೂ ಹನ್ನೊಂದಕ್ಕಿತ್ತು. ಟ್ರೌಡೆ ಬೆಂಚಿನ ಮೇಲೆ ಕೂತು, ಕೆಂಪು ಚೀಲದಿಂದ ಬೇಯಿಸಿದ ಎರಡು ಮೊಟ್ಟೆ ತೆಗೆದು ಐದು ಪಾಲು ಮಾಡತೊಡಗಿದಳು.